ಹಿಟ್ಟಿಗೆ ಟಾಮ್ ಯಮ್

ತಾಳವಾಡಿಗೆ ಒಂದು ಥಾಯ್ ಫ್ಯೂಷನ್ ಹೋಟೆಲು ಬೇಕೇ ಬೇಕು ಎಂಬುದು ನನ್ನ ವಾದ. ನಗುವವರು ನಕ್ಕು ಮುಗಿಸಲಿ, ಕಾಯುತ್ತೇನೆ. ಇನ್ನೂ ಬಾಗಿಲು ತೆರೆಯದ ಹೋಟೆಲಿನ ಪರ ಇಷ್ಟೊಂದು ವಕೀಲಿಕೆ ನಾಚಿಕೆಯ ಮಾತೇ, ಆದರೂ ಹಿತವಾಗಿದೆ. ಬೆರಕೆಯ ವಿಷಯದಲ್ಲಿ ಈ ಬೆಟ್ಟದವರಿಗಿರುವ ಅನುಭವ ಬೆಂಗಳೂರಿನ ಇಂದಿರಾನಗರಕ್ಕೆ ಎಲ್ಲಿಂದ ಬರಬೇಕು? 1956ರಲ್ಲಿ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ರಾಜ್ಯ ಸೇರಿತು. ತಾಳವಾಡಿ ಮದರಾಸಿನ ಪಾಲಿಗೇ ಉಳಿಯಿತು. ಅಂದಿನಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಮಧ್ಯಾಹ್ನ ಹಿಟ್ಟು ಉಪ್ಸಾರು, ರಾತ್ರಿ ಪರೋಟ ಸಾಲ್ನಾ, ನಡುವೆ ಸಂಜೆಗೆ ಗೋಬಿ ಮಂಚೂರಿ. ಆ ಮಂಚೂರಿಯ ಹಿರಿಯಣ್ಣ ಚಿಕನ್ ಮಂಚೂರಿಯನ್ನು ಎಪ್ಪತ್ತರ ದಶಕದ ಮುಂಬಯಿಯಲ್ಲಿ ಹುಟ್ಟಿಸಿದ ಕೀರ್ತಿ ಕಲ್ಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ ಅವರದು. ಮಂಚೂರಿಯಾದವರಿಗೆ ಈ ಸುದ್ದಿ ತಲುಪಿದಂತಿಲ್ಲ.

‘ಪರದೇಶದ ಊಟ ನಮಗ್ಯಾಕೆ’ ಎಂಬ ಆಕ್ಷೇಪ ಮೊದಲು ಬರುತ್ತದೆ, ಅದೂ ಮೆಣಸಿನಕಾಯಿ ಬಜ್ಜಿ ತುಂಬಿಕೊಂಡ ಬಾಯಿಂದ. ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮಲ್ಲಿಗೂ ಬಂತು, ಸಯಾಮಿಗೂ ಹೋಯಿತು. ಅದಕ್ಕೆ ಮೊದಲು ಎರಡೂ ಕಡೆಯವರ ಕಣ್ಣಲ್ಲಿ ನೀರು ಬರಿಸುತ್ತಿದ್ದದ್ದು ಕಾಳುಮೆಣಸು. ಟೊಮ್ಯಾಟೊ, ಆಲೂಗಡ್ಡೆ ಅದೇ ಖಂಡದವು, ಕೋಸು ಯೂರೋಪಿನದು, ರಾಗಿಯೇ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದದ್ದು. ಪರದೇಶದ್ದನ್ನೆಲ್ಲ ತೆಗೆದಿಟ್ಟರೆ ತಟ್ಟೆಯಲ್ಲಿ ಹುರುಳಿ ಉಳಿದೀತು. ಎತ್ತಿಗೂ ಅದೇ, ಯಜಮಾನನಿಗೂ ಅದೇ. ಥಾಯ್ಲೆಂಡಿನವರೂ ಏನು ಕಡಿಮೆಯಲ್ಲ. 1939ರಲ್ಲಿ ದೇಶದ ಹೆಸರನ್ನೇ ಬದಲಿಸಿದ ಪ್ರಧಾನಿ ಪಿಬುನ್ ಸೊಂಗ್‌ಖ್ರಾಮ್ ಕಾಲದಲ್ಲಿ ರಾಷ್ಟ್ರದ ತಿಂಡಿಯೆಂದು ಸಾರಿದ ಪಾಡ್ ಥಾಯ್‌ಗೆ ಶಾವಿಗೆಯೂ ಚೀನಾದ್ದೇ, ಬಾಣಲೆಯೂ ಚೀನಾದ್ದೇ.

ನಿಜವಾದ ತೊಡಕು ಇರುವುದು ಗಂಟಲಿನಲ್ಲಿ. ಹಿಟ್ಟನ್ನು ಅಗಿಯುವಂತಿಲ್ಲ, ನುಂಗಬೇಕು; ಅಗಿದವನನ್ನು ಪಂಕ್ತಿಯೇ ತಿರುಗಿ ನೋಡುತ್ತದೆ. ಟಾಮ್ ಯಮ್ ಸಾರಿನಲ್ಲಿ ತೇಲುವ ಮಜ್ಜಿಗೆ ಹುಲ್ಲಿನ ದಂಟು, ಗಲಾಂಗಲ್ ಬಿಲ್ಲೆ, ನಿಂಬೆ ಜಾತಿಯ ಎಲೆ ಇವೆಲ್ಲ ಬರೀ ಘಮಕ್ಕೆ, ಇವನ್ನು ನುಂಗುವಂತಿಲ್ಲ. ಈ ಎರಡು ಶಾಸ್ತ್ರಗಳು ಒಂದೇ ತುತ್ತಿನಲ್ಲಿ ಎದುರಾದವೆನ್ನಿ. ತುತ್ತು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸುವಾಗ ದಂಟಿನ ಚೂರೊಂದು ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಹಿಟ್ಟು ಇಳಿಯಲು ಹೊರಟಿದೆ. ದಂಟು ಬರಲಾರೆ ಎನ್ನುತ್ತದೆ. ಉಗುಳೋಣವೆಂದರೆ ಅನ್ನಕ್ಕೆ ಅವಮಾನ, ಅಗಿಯೋಣವೆಂದರೆ ರಾಗಿಗೆ ಅವಮಾನ, ನುಂಗೋಣವೆಂದರೆ ಸತ್ಯಮಂಗಲದ ದೊಡ್ಡಾಸ್ಪತ್ರೆಗೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಅದೂ ಹುಲಿಕಾಡಿನ ದಾರಿ. ರಾತ್ರಿ ಸಂಚಾರಕ್ಕೆ 2022ರಿಂದ ಹೈಕೋರ್ಟಿನ ನಿರ್ಬಂಧ ಬೇರೆ. ಗಂಟಲಲ್ಲಿ ದಂಟು ಇಟ್ಟುಕೊಂಡವನು ಚೆಕ್‌ಪೋಸ್ಟಿನವರಿಗೆ ತುರ್ತಿನ ಕಾರಣ ಹೇಳುವುದಾದರೂ ಹೇಗೆ, ಯಾವ ಭಾಷೆಯಲ್ಲಿ? ಆದರೆ ಇದಕ್ಕೂ ದಾರಿಯಿದೆ. ಸಾರನ್ನು ಸೋಸಿ ಬಡಿಸಿದರಾಯಿತು. ಬಸ್ಸಾರಿನ ಸೀಮೆಯವರಿಗೆ ಬಸಿಯುವುದನ್ನು ಹೇಳಿಕೊಡಬೇಕೆ!

ಮೀನು ಸಾಸಿನ ಆಕ್ಷೇಪ ಮಾತ್ರ ತೂಕದ್ದು. ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟ ಮೀನಿನ ರಸ ಲಿಂಗಾಯತರ ಮನೆಗಳಿರುವ ಊರಿನಲ್ಲಿ ನಡೆಯದು. ಸೋಯಾ ಸಾಸು ಹಾಕಲಿ. ಫ್ಯೂಷನ್ ಎಂಬ ಹೆಸರಿರುವುದೇ ಇಂಥ ರಾಜಿಗೆ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಪಪ್ಪಾಯಿ ಕಾಯಿಯನ್ನು ಒರಳಿನಲ್ಲಿ ಕುಟ್ಟಿ ಮಾಡುವ ಸೋಮ್ ತಾಮ್ ಪಕ್ಕದಲ್ಲಿ ಹಸಿ ಕೋಸಿನ ತುಂಡು ಇಡುವುದು ಥಾಯ್ ಪದ್ಧತಿ. ಕೋಸು ತಾಳವಾಡಿಯ ಬೆಳೆ. ಆನೆಗೆ ಹೆದರಿ ರಾತ್ರಿಯೆಲ್ಲ ಹೊಲ ಕಾದು ಬೆಳೆದವನಿಗೆ ಬೆಲೆ ಬಿದ್ದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ನಿಂತ ಬೆಳೆಯ ಮೇಲೆ ಟ್ರ್ಯಾಕ್ಟರ್ ಹೊಡೆಸುವುದು ಬಿಟ್ಟು ದಾರಿಯಿರುವುದಿಲ್ಲ. ನಗರದ ಮೆನುವಿನಲ್ಲಿ ಅದೇ ಕೋಸು ಇಂಗ್ಲಿಷ್ ಹೆಸರು ಹೊತ್ತು ಮೂರಂಕಿಯ ಬೆಲೆಗೆ ಏರಿ ಕೂತಿರುತ್ತದೆ, ಮೇಲೆ ತೆರಿಗೆ. ಅಂಥ ಲಾಭವನ್ನು ಯಾರಾದರೂ ಮಾಡುವುದೇ ಆದರೆ ಬೆಳೆದ ಊರಿನಲ್ಲೇ ಮಾಡಲಿ, ಬೆಳೆದವನ ಕೈಗೂ ಒಂದಿಷ್ಟು ಉದುರಲಿ. ಕೋಸನ್ನು ಮೇಟ್ಟುಪಾಳಯದ ಮಂಡಿಯಿಂದ ತರಿಸುತ್ತೇವೆ ಎಂದು ಹೋಟೆಲಿನವರು ಹೇಳಿದರೋ, ನನ್ನ ವಾದ ಅಲ್ಲಿಗೇ ವಾಪಸು.