ಟ್ರೈಲಿಗೆ ಎಷ್ಟು ಪೌಂಡು ಹವಾ?

ರಾಶಿ ಮುಗಿದು, ಕಾರ ಹುಣ್ಣಿಮೆ ಇನ್ನೂ ದೂರ ಇರುವ ಖಾಲಿ ದಿನಗಳು ನೋಡ್ರಿ, ನಮ್ಮ ಸಂತೆಕಲ್ಲೂರು ಕಡೆ ಟ್ರೈಲಿಗಳಿಗೆ ಬಣ್ಣ ಹೊಡೆಸುವ ಹುಕಿ ಹುಟ್ಟುವುದು ಇದೇ ಹೊತ್ತಿಗೆ. ಓಣಿಯಲ್ಲಿ ಒಬ್ಬ ಹೊಡೆಸಿದನೆಂದರೆ ಮುಗೀತು, ಉಳಿದವರ ಟ್ರೈಲಿಗಳೆಲ್ಲ ಒಂದೇ ರಾತ್ರಿಗೆ ತುಕ್ಕು ಹಿಡಿದುಬಿಡುತ್ತವೆ! ನಿನ್ನೆಯ ತನಕ ಅದರಲ್ಲೇ ಭತ್ತ ಹೇರಿದ್ದೆವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಂಗಾಗಿ ಮಸ್ಕಿ ರಸ್ತೆಯ ಪೇಂಟರ್ ಚಾಚಾನ ತಗಡಿನ ಶೆಡ್ಡಿನ ಮುಂದೆ ಈಗ ಸಾಲು ಹಚ್ಚಿದ್ದಾರೆ. ಬಣ್ಣ ಹೊಡೆಯುವವರು ಚಾಚಾ ಒಬ್ಬರೇ, ಹೆಂಗ ಹೊಡೀಬೇಕು ಅಂತ ಹೇಳುವವರು ಹತ್ತು ಮಂದಿ. ಅದರಲ್ಲಿ ನಾನೂ ಒಬ್ಬ ಅನ್ನಿ.

ಆ ಹತ್ತು ಮಂದಿಯದೂ ಒಂದೇ ಮಾತು: "ಹವಾ ಜೋರ್ ಬಿಡ್ರಿ ಚಾಚಾ, ಬಣ್ಣ ಗಟ್ಟಿ ಕೂಡ್ಲಿ." ದುಡ್ಡು ಕೊಟ್ಟ ಮೇಲೆ ಭರ್‍ರ್ ಅಂತ ಸಪ್ಪಳ ಬರದಿದ್ದರೆ ನಮ್ಮವರಿಗೆ ಸಮಾಧಾನ ಇಲ್ಲ, ಹೌದಿಲ್ರಿ? ಚಾಚಾ ನಗುತ್ತಾರೆ. ಹವಾದ ಕೆಲಸ ಬಣ್ಣವನ್ನು ತಗಡಿಗೆ ಜಡಿಯುವುದಲ್ಲ, ಹರಿದು ಹರಿದು ಸಣ್ಣ ಹನಿ ಮಾಡುವುದು. ಅಷ್ಟಾದರೆ ಅದರ ಕೆಲಸ ತೀರಿತು. ಅದಕ್ಕಿಂತ ಹೆಚ್ಚು ಬಿಟ್ಟರೆ ಹನಿ ತಗಡಿಗೆ ಬಡಿದು ವಾಪಸ್ ಹಾರುತ್ತದೆ, ಇಲ್ಲಾ ದಾರಿಯಲ್ಲೇ ಒಣಗಿ ಹಿಟ್ಟಾಗಿ ಬೀಳುತ್ತದೆ. ಕೈಯಾಡಿಸಿದರೆ ಒರಟು ಒರಟು. ಹಳೆಯ ತರಹದ ಗನ್ನಿನಲ್ಲಿ ಕೊಟ್ಟ ಬಣ್ಣದ ಮೂರನೇ ಒಂದು ಪಾಲು ಟ್ರೈಲಿಗೆ ಹತ್ತಿದರೆ ಪುಣ್ಯ, ಉಳಿದದ್ದು ಊರಿಗೆ. ಹೋದ ವರ್ಷ ಶೆಡ್ಡಿನ ಹಿಂದೆ ಕಟ್ಟಿದ್ದ ಬಿಳಿ ಆಕಳೊಂದು ಸಂಜೆಯ ಹೊತ್ತಿಗೆ ತೆಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮಾಲೀಕ ಜಗಳಕ್ಕೆ ಬಂದವನು ನೋಡಿ ನೋಡಿ, "ಚೆಂದ ಕಾಣ್ತದ ಬಿಡ್ರಿ" ಅಂದು ಹೊಡ್ಕೊಂಡು ಹೋದ. ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚುವ ಊರು ನಮ್ಮದು, ಮೈಗೂ ಬಿತ್ತು, ಅಷ್ಟೇ ಅಲ್ಲೇನ್ರಿ?

ಹಂಗಂತ ಕಡಿಮೆ ಬಿಟ್ಟರೂ ಆಗದು. ಹನಿ ದಪ್ಪ ಬಿದ್ದು ಮೈಯೆಲ್ಲ ಗುಳಿ ಗುಳಿ ಏಳುತ್ತದೆ. ಪೇಂಟರುಗಳು ಅದಕ್ಕೆ ಕಿತ್ತಳೆ ಸಿಪ್ಪೆ ಅಂತಾರೆ. ಇನ್ನು ಒಂದೇ ಕಡೆ ಕೈ ನಿಂತರೆ ಬಣ್ಣ ಧಾರೆಯಾಗಿ ಇಳಿದು ಬರುತ್ತದೆ, ಅದು ಹವಾದ ತಪ್ಪಲ್ಲ, ಮೊಬೈಲಿನದು.

ಈಗ ನಿಜವಾದ ಜಗಳ ಯಾವುದಪ್ಪಾ ಅಂದರೆ, ಎಷ್ಟು ಪೌಂಡು ಅನ್ನುವುದಲ್ಲ, ಎಲ್ಲಿ ನೋಡಿದ ಪೌಂಡು ಅನ್ನುವುದು. ಕಂಪ್ರೆಸರ್ ಟ್ಯಾಂಕಿನ ಮೇಲಿನ ಮುಳ್ಳು 8 ಕೆಜಿ ತೋರಿಸುತ್ತದೆ, ಅಂದರೆ ಹೆಚ್ಚು ಕಡಿಮೆ 114 ಪೌಂಡು. ಅದನ್ನು ನೋಡಿ ನಮ್ಮವರ ಎದೆ ಉಬ್ಬುತ್ತದೆ. ಆದರೆ ಗನ್ನಿಗೆ ಅದರ ಗೊಡವೆಯೇ ಇಲ್ಲ. ನಡುವೆ ರೆಗ್ಯುಲೇಟರ್ ಇದೆ, ಅಲ್ಲಿಂದ ಉದ್ದಕ್ಕೆ ಪೈಪು. ಒಳಗಿನ ತೂತು ಕಾಲಿಂಚು ಇರುವ 25 ಅಡಿ ಪೈಪು ಇತ್ತೆಂದರೆ, ರೆಗ್ಯುಲೇಟರಿನಲ್ಲಿ 60 ಪೌಂಡು ಬಿಟ್ಟದ್ದು ಗನ್ ಮುಟ್ಟುವಾಗ 40ರ ಆಸುಪಾಸು. ಉಳಿದ 20 ಪೌಂಡು ಪೈಪೇ ನುಂಗಿತು. ಪೈಪಿನ ತೂತು ಬರೀ ಅರ್ಧ ನೂಲು ಹೆಚ್ಚು ಅಗಲ ಇದ್ದರೆ ಈ ನಷ್ಟ ಮೂರನೇ ಒಂದು ಪಾಲಿಗೆ ಇಳಿಯುತ್ತದಂತೆ! ಕಂಪ್ರೆಸರಿಗೆ ಸಾವಿರಾರು ಸುರಿದು ಪೈಪಿನಲ್ಲಿ ನೂರಿನ್ನೂರು ಉಳಿಸುವ ನಮ್ಮ ಜಾಣತನಕ್ಕೆ ಏನನ್ನಬೇಕು ಹೇಳ್ರಿ.

ಅದಕ್ಕೇ ಚಾಚಾ ಒಂದು ಪುಟ್ಟ ಮೀಟರನ್ನು ಗನ್ನಿನ ಹಿಡಿಯ ಬುಡಕ್ಕೇ ತಿರುವಿ ಕೂರಿಸಿದ್ದಾರೆ. ಟ್ರಿಗರ್ ಬಿಟ್ಟಾಗ ಮುಳ್ಳು ಒಂದು ಹೇಳುತ್ತದೆ, ಒತ್ತಿದಾಗ ಸರ್ರನೆ ಇಳಿದು ಇನ್ನೊಂದು ಹೇಳುತ್ತದೆ. ಒತ್ತಿ ಹಿಡಿದಾಗ ಹೇಳಿದ್ದೇ ಖರೆ. ಕೆಳಗೆ ಡಬ್ಬಿ ತೂಗುವ ಹಳೆಯ ಗನ್ನಾದರೆ 40–50 ಪೌಂಡು. ಮೇಲೆ ಲೋಟ ಕೂತ ಹೊಸ ತರಹದ ಎಚ್‌ವಿಎಲ್‌ಪಿ ಗನ್ನಿಗೆ 29 ಪೌಂಡಿನ ಒಳಗೇ ಸಾಕು, ಮೂತಿಯಿಂದ ಹೊರಬೀಳುವಾಗ ಬರೀ 10. ಗನ್ ಹೊಸದಾದಷ್ಟೂ ಪೌಂಡು ಕಡಿಮೆ. ಇದೇನು ಸೋಜಿಗ ಅನ್ನಬೇಡ್ರಿ, ಟ್ರ್ಯಾಕ್ಟರಿನ ಆಳೆತ್ತರದ ಹಿಂದಿನ ಗಾಲಿಗೆ ಹೊಲದಲ್ಲಿ 12–14 ಪೌಂಡು ಸಾಕಾಗುವಾಗ ಬೈಕಿನ ಸಣ್ಣ ಗಾಲಿ ಅದರ ಎರಡರಷ್ಟು ಕೇಳುವುದಿಲ್ಲವೇ?

ಅಂದಹಾಗೆ ಈ ಗನ್ನಿನ ಮೂಲಪುರುಷ ಪೇಂಟರೇ ಅಲ್ಲವಂತೆ, ಗಂಟಲು ನೋಡುವ ಡಾಕ್ಟರು! ಅಮೆರಿಕದ ಓಹಾಯೋ ರಾಜ್ಯದ ಟೊಲೀಡೊ ಊರಿನ ಡಿವಿಲ್ಬಿಸ್ ಎಂಬವರು 1880ರ ದಶಕದಲ್ಲಿ ರಬ್ಬರ್ ಬುಡ್ಡಿ ಒತ್ತಿ ರೋಗಿಯ ಗಂಟಲಿಗೆ ಔಷಧಿ ಸಿಂಪಡಿಸುವ ಸಾಧನ ಮಾಡಿದರು. ಅವರ ಮಗ ಥಾಮಸ್ 1907ರಲ್ಲಿ ಅದೇ ಉಪಾಯವನ್ನು ಬಣ್ಣಕ್ಕೆ ತಿರುಗಿಸಿದ. ಅತ್ತರಿನ ಬಾಟಲಿಗೂ ಅದೇ ಬುಡ್ಡಿ. ಗಂಟಲು, ಅತ್ತರು, ಆಮೇಲೆ ಕಾರು, ಕಡೆಗೆ ಸಂತೆಕಲ್ಲೂರಿನ ಟ್ರೈಲಿ. ನಮ್ಮೂರಿನ ಘನಮಠದ ಶಿವಯೋಗಿಗಳು 'ಕೃಷಿ ಜ್ಞಾನ ಪ್ರದೀಪಿಕೆ' ಬರೆದ ಕಾಲಕ್ಕೆ ಟ್ರ್ಯಾಕ್ಟರ್ ಅನ್ನುವುದೇ ಇರಲಿಲ್ಲ, ಇದ್ದಿದ್ದರೆ ಟ್ರೈಲಿಯ ಆರೈಕೆಗೂ ನಾಲ್ಕು ಸಾಲು ಬರೆದಿಡುತ್ತಿದ್ದರೇನೋ.

ಎಲ್ಲಿದ್ದೆ? ಹಾಂ, ಪೌಂಡು. ಮುಳ್ಳು ಏನೇ ಹೇಳಲಿ, ಚಾಚಾ ನಂಬುವುದು ಹಳೇ ಪೇಪರನ್ನು. ಗೋಡೆಗೆ ಒಂದು ಹಾಳೆ ಅಂಟಿಸಿ, ಗೇಣು ದೂರದಿಂದ ಒಂದೇ ಒಂದು ಸಲ ಚುಕ್ ಅನ್ನಿಸುತ್ತಾರೆ. ಬಣ್ಣ ಮೇಲಿಂದ ಕೆಳಕ್ಕೆ ಉದ್ದ, ಒಂದೇ ಸಮ ಬಿದ್ದಿರಬೇಕು. ನಡು ಸೊರಗಿ ತುದಿ ಎರಡೂ ದಪ್ಪಾದರೆ ಹವಾ ಹೆಚ್ಚು, ನಡುವೆಯೇ ಗುಪ್ಪೆಯಾದರೆ ಕಡಿಮೆ. ಆಮೇಲೆ ಐದೈದು ಪೌಂಡು ಇಳಿಸುತ್ತಾ ಬಂದು, ಹನಿ ದಪ್ಪಾಗಲು ಶುರುವಾದ ಕೂಡಲೇ ಒಂದು ಮೆಟ್ಟಿಲು ಮೇಲಕ್ಕೆ ಬಂದು ನಿಲ್ಲುತ್ತಾರೆ. ಎಲೆಕ್ಷನ್ ಬಂದಾಗ ನೋಡಬೇಕು, ಆ ಗೋಡೆಯ ಮೇಲೆ ಎಲ್ಲಾ ಪಕ್ಷದವರ ಮುಖವೂ ಮಹೀಂದ್ರಾ ಕೆಂಪು! ಯಾರಿಗೂ ಭೇದ ಇಲ್ಲ.

ನಮ್ಮ ಬಿಸಿಲಿನದು ಇನ್ನೊಂದು ಕಾಟ. 40 ಡಿಗ್ರಿ ದಾಟಿತೆಂದರೆ ಥಿನ್ನರ್ ಗಾಳಿಯಲ್ಲೇ ಹಾರಿಹೋಗುತ್ತದೆ, ಕಂಪನಿಯ ಪುಸ್ತಕದಲ್ಲಿ ಬರೆದ ಪೌಂಡು ರಾಯಚೂರು ಜಿಲ್ಲೆಯ ಮೇ ತಿಂಗಳಿಗೆ ಒಗ್ಗುವುದಿಲ್ಲ. ಅದಕ್ಕೆ ನಸುಕಿನಲ್ಲೇ ಕೆಲಸ, ಹವಾ ಒಂಚೂರು ಇಳಿಸಿ, ನಿಧಾನಕ್ಕೆ ಒಣಗುವ ಥಿನ್ನರ್ ಬೆರೆಸಿ. ಶುರು ಮಾಡುವ ಮೊದಲು ಟ್ಯಾಂಕಿನ ಬುಡದ ನಲ್ಲಿ ಬಿಚ್ಚಿ ನೀರು ಬಸಿಯುವುದು ಬೇರೆ. ಆ ನೀರು ಬಣ್ಣದ ಜೊತೆ ಹೋದರೆ ಮೈತುಂಬ ಬೊಬ್ಬೆ. ಇಷ್ಟೆಲ್ಲ ಸೂಕ್ಷ್ಮ ನೋಡುವ ಚಾಚಾ ಮೂಗಿಗೆ ಮಾತ್ರ ಟವೆಲ್ ಸುತ್ತುತ್ತಾರೆ. ಹಾರ್ಡನರ್ ಬೆರೆಸುವ ಬಣ್ಣದ ಐಸೊಸಯನೇಟ್ ಟವೆಲ್ಲಿಗೆ ನಿಲ್ಲುವುದಲ್ಲ, ಉಬ್ಬಸ ತರುತ್ತದೆ, ಸರಿಯಾದ ಮಾಸ್ಕ್ ತಗೋರಿ ಅಂದರೆ "ನೀವು ದೂರ ನಿಂದ್ರಿ ಅಣ್ಣಾರ" ಅಂತಾರೆ. ಬೈದು ನೋಡಬೇಕು ಒಂದು ಸಲ.

ಬಣ್ಣ ಒಣಗಿದ ಮೇಲೆ ಹೆಸರು ಬರೆಸುವ ಗಲಾಟೆ. ಮಸ್ಕಿಯ ಬಂಡೆಯ ಮೇಲೆ ಅಶೋಕ ಅಂತ ಹೆಸರು ಇರುವುದು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಹುಡುಕಿದ ಮೇಲೆ ಗೊತ್ತಾಯಿತು. ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ ಬರೀ ಬಿರುದು, ಚಕ್ರವರ್ತಿಯ ಹೆಸರೇ ಇಲ್ಲ. ನಮ್ಮ ಟ್ರೈಲಿಗಳಲ್ಲಿ ಆ ತೊಂದರೆ ಇಲ್ಲ ನೋಡ್ರಿ: ಮನೆದೇವರು, ಅಪ್ಪ, ಅವ್ವ, ಇಬ್ಬರು ಮಕ್ಕಳು, ನಿನ್ನೆ ಹುಟ್ಟಿದ ಮೊಮ್ಮಗನೂ ಬರಬೇಕು. ನಮ್ಮ ಅಣ್ಣನದೂ ನಾಳೆ ನಸುಕಿಗೆ ಪಾಳಿ ಬಂದಿದೆ. ಹೆಸರಿನ ಪಟ್ಟಿ ಇನ್ನೂ ಮನೆಯಲ್ಲಿ ತೀರ್ಮಾನ ಆಗಿಲ್ಲ. ಬರ್ರಿ ನೀವೂ. ಮನೆಯಾಗ ಹಳೇ ಪೇಪರ್ ಇದ್ರ ನಾಲ್ಕು ತರ್ರಿ, ಚಾಚಾನ ಹತ್ರ ತೀರ್‍ಯಾವಂತ.