ಮೀಡಿಯಮ್ ಭಾವ

ನಮ್ಮ ಷಡ್ಡಕರ ಗೋತ್ರ ಕಾಶ್ಯಪ, ಸೈಜು ಮೀಡಿಯಮ್. ಎರಡೂ ಹುಟ್ಟಿನಿಂದ ಬಂದದ್ದು, ಬದಲಾಯಿಸುವ ಅಧಿಕಾರ ಯಾರಿಗೂ ಇಲ್ಲ ಎಂದು ಅವರ ನಂಬಿಕೆ. ನನ್ನ ಹೆಂಡತಿಯ ಅಕ್ಕನ ಗಂಡ ಅವರು, ಆದ್ದರಿಂದ ನಾನೂ ಭಾವ ಎಂದೇ ಕರೆಯುತ್ತೇನೆ. ವಯಸ್ಸು 52. ಸೊಂಟದ ಸುತ್ತಳತೆ ಬರೆಯುವ ಧೈರ್ಯ ನನಗಿಲ್ಲ. ಈ ಪತ್ರಿಕೆ ಅವರ ಮನೆಗೂ ಬರುತ್ತದೆ.

ಇಂಥವರೊಬ್ಬರು ನಿಮ್ಮ ನೆಂಟರಲ್ಲೂ ಇದ್ದೇ ಇರುತ್ತಾರೆ. ಕಾಲೇಜಿನ ಕೊನೇ ವರ್ಷ ಅಂಗಿಯ ಕಾಲರಿನೊಳಗೆ 'ಎಮ್' ಎಂಬ ಅಕ್ಷರ ಕಂಡಿರುತ್ತಾರೆ. ಅಲ್ಲಿಂದಾಚೆಗೆ ಏನೇ ಆಗಲಿ, ತಪ್ಪು ಅಂಗಿಯದು. ಒಗೆದು ಕುಗ್ಗಿತು, ಇಸ್ತ್ರಿಯವನು ಸುಟ್ಟು ಚಿಕ್ಕದು ಮಾಡಿದ, ಈಗಿನ ಕಂಪನಿಗಳು ಬಟ್ಟೆ ಉಳಿಸುತ್ತಿವೆ. ನಾಲ್ಕನೇ ಗುಂಡಿಗೂ ಐದನೇ ಗುಂಡಿಗೂ ನಡುವೆ ಬನಿಯನ್ನು ಇಣುಕಿ ಲೋಕವ್ಯವಹಾರ ನೋಡುತ್ತಿದ್ದರೂ ಭಾವ ಮಾತ್ರ ಮೀಡಿಯಮ್ಮು.

ನಮ್ಮ ಬಟ್ಟೆಗಳೂ ಇದಕ್ಕೆ ಕುಮ್ಮಕ್ಕು ಕೊಡುತ್ತವೆ ಅನ್ನಿ. ಪಂಚೆ ಯಾರ ಸೊಂಟವನ್ನೂ ಪ್ರಶ್ನಿಸುವುದಿಲ್ಲ. ಪೈಜಾಮದ ಲಾಡಿಯಷ್ಟು ದೊಡ್ಡ ಮನಸ್ಸು ಮನುಷ್ಯರಲ್ಲೂ ಅಪರೂಪ. ಟೈಲರಂತೂ ಮೂವತ್ತು ವರ್ಷದ ಗೆಳೆಯ. ಎಲ್ಲರ ಅಳತೆಯನ್ನೂ ಹುಡುಗನಿಗೆ ಕೂಗಿ ಬರೆಸುವವನು, ಭಾವನ ಸೊಂಟಕ್ಕೆ ಟೇಪು ಬಂದಾಗ ಮಾತ್ರ ತಾನೇ ಪೆನ್ನು ತಗೊಂಡು ಮೌನವಾಗಿ ಬರೆದುಕೊಳ್ಳುತ್ತಾನೆ. ಹೊಲಿಗೆಯ ಒಳಗೆ ಎರಡಿಂಚು ಬಟ್ಟೆಯನ್ನೂ ಬಿಟ್ಟಿರುತ್ತಾನೆ. ಹೀಗೆ ಊರೆಲ್ಲ ಸೇರಿ ಸಾಕಿ ಬೆಳೆಸಿದ ನಂಬಿಕೆ ಅದು. ಅದಕ್ಕೆ ಎದುರು ನಿಂತ ಮೊದಲ ಉಡುಪು ವೆಟ್‌ಸೂಟು.

ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವ ಯೋಚನೆ ಅವರ ಮಗಳದ್ದು. ಮುರುಡೇಶ್ವರದಿಂದ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್ ದೂರದ ದ್ವೀಪ. ಮಳೆಗಾಲದಲ್ಲಿ ಬಂದ್, ಮಳೆ ಮುಗಿದ ಮೇಲೆ ದೋಣಿಗಳು ಹೊರಡುತ್ತವೆ. ಸೂಟು, ಸಿಲಿಂಡರು, ಕನ್ನಡಕ ಎಲ್ಲ ಅಲ್ಲೇ ಕೊಡುತ್ತಾರೆ ಅಂತ ಹುಡುಗಿ ಹೇಳಿದಳು.

"ಊರವರೆಲ್ಲ ಹಾಕಿ ಬಿಟ್ಟ ಮೈಲಿಗೆ ರಬ್ಬರನ್ನ ನಾನು ಹಾಕ್ಕೊಳ್ಳಬೇಕಾ?" ಅಂದರು ಭಾವ. ಬೇಕರಿಯಲ್ಲಿ ನಿಂತು ಎಗ್ ಪಫ್ ತಿನ್ನುವಾಗ ಕಾಣದ ಮಡಿ ಅವತ್ತು ಉಕ್ಕಿ ಬಂದಿತ್ತು. ಸರಿ, ಆನ್‌ಲೈನಿನಲ್ಲಿ ಸ್ವಂತದ್ದು ತರಿಸುವುದು ಎಂದಾಯಿತು.

ವೆಟ್‌ಸೂಟಿನ ಅಳತೆಪಟ್ಟಿಯನ್ನು ನಾನೂ ನೋಡಿದೆ. ಎತ್ತರ, ತೂಕ, ಎದೆ, ಸೊಂಟ, ಪೃಷ್ಠ ಎಲ್ಲವನ್ನೂ ಕೇಳುತ್ತದೆ. ಹೆಣ್ಣು ನೋಡುವ ಕಾಲದಲ್ಲೂ ಯಾರೂ ಇಷ್ಟು ವಿಚಾರಿಸುತ್ತಿರಲಿಲ್ಲ. ಭಾವ ಎತ್ತರದಲ್ಲಿ ಮೀಡಿಯಮ್, ಎದೆಯಲ್ಲಿ ಲಾರ್ಜ್, ತೂಕದಲ್ಲಿ ಎಕ್ಸೆಲ್. ಸೊಂಟಕ್ಕೆ ಬರುವ ಹೊತ್ತಿಗೆ ಪಟ್ಟಿಯೇ ಮುಗಿದಿತ್ತು. ಅವರು ಎತ್ತರವನ್ನು ನಂಬಿದರು. ದಪ್ಪ ಎಷ್ಟಿರಲಿ ಎಂಬ ಪ್ರಶ್ನೆಗೆ 5 ಮಿಲಿಮೀಟರ್ ಒತ್ತಿದರು. "ದಪ್ಪ ಇದ್ರೆ ಬಾಳಿಕೆ ಬರತ್ತೆ." ಹಾಸಿಗೆ ಕೊಳ್ಳುವಾಗಲೂ ಇದೇ ಮಾತು ಹೇಳಿದ್ದರು.

ಸೂಟು ಬರುವವರೆಗಿನ ಹತ್ತು ದಿನ ಅವರು ಓದಿದರು. ಓದಿದ್ದನ್ನೆಲ್ಲ ನಮಗೆ ಹೇಳಿದರು. ಹ್ಯೂ ಬ್ರಾಡ್ನರ್ ಎಂಬ ಭೌತವಿಜ್ಞಾನಿ, ಅಮೆರಿಕದವನು, ಅಣುಬಾಂಬಿನ ಯೋಜನೆಯಲ್ಲಿ ಕೆಲಸ ಮಾಡಿದ್ದವನು, 1950ರ ದಶಕದ ಶುರುವಿನಲ್ಲಿ ಬರ್ಕ್ಲಿಯಲ್ಲಿದ್ದಾಗ ಈ ಸೂಟಿನ ಯೋಚನೆ ಮಾಡಿದ್ದು. ನೀರಿಗಿಳಿದವನ ಮೈ ಒಣಗಿರಲೇಬೇಕು ಅಂತೇನಿಲ್ಲ, ಒದ್ದೆಯಾಗಿದ್ದೂ ಬೆಚ್ಚಗಿರಬಹುದು ಎಂಬುದು ಅವನಿಗೆ ಹೊಳೆದದ್ದು. ನಿಯೋಪ್ರೀನ್ ಎಂಬ ರಬ್ಬರಿನ ತುಂಬ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು. ಶಾಖವನ್ನು ಹಿಡಿದಿಡುವುದು ಆ ಗುಳ್ಳೆಗಳೇ ಹೊರತು, ಎಲ್ಲರೂ ಹೇಳುವ ಹಾಗೆ ಒಳಗೆ ಸೇರಿದ ನೀರಲ್ಲ. ಬ್ರಾಡ್ನರ್ ನಮ್ಮ ಮಾವನವರ ಕಡೆಯವನೇನೋ ಎಂಬಷ್ಟು ಸಲಿಗೆಯಿಂದ ಭಾವ ಇದನ್ನೆಲ್ಲ ಹೇಳುತ್ತಿದ್ದರು, ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈ ಜಾತಿಯವರ ತೊಂದರೆಯೇ ಅದು, ಓದಿಕೊಂಡದ್ದು ಸರಿಯಾಗಿಯೇ ಇರುತ್ತದೆ.

ಓದಿನಲ್ಲಿ ಅವರಿಗೆ ಸಿಕ್ಕ ಮುಖ್ಯ ವಾಕ್ಯ ಒಂದು: ವೆಟ್‌ಸೂಟು ಬಿಗಿಯಾಗಿರಬೇಕು. ಸಡಿಲವಿದ್ದರೆ ನೀರು ಒಳಗೆ ಬಂದು ಹೋಗಿ ಮೈ ತಣ್ಣಗಾಗುತ್ತದೆ. ನೆಲದ ಮೇಲೆ ಸ್ವಲ್ಪ ಹೆಚ್ಚೇ ಬಿಗಿ ಅನ್ನಿಸಿದರೆ ಒಳ್ಳೆಯದು, ನೀರಿನಲ್ಲಿ ಹದಕ್ಕೆ ಬರುತ್ತದೆ. ಯೋಚನೆ ಮಾಡಿ, ಮೂವತ್ತು ವರ್ಷ ಬಿಗಿ ಬಟ್ಟೆಯನ್ನು ಸಮರ್ಥಿಸಿಕೊಂಡು ಬಂದ ಮನುಷ್ಯನಿಗೆ ವಿಜ್ಞಾನವೇ ಬಂದು ಬೆನ್ನು ತಟ್ಟಿದರೆ ಹೇಗಾಗಬೇಡ!

ಮುರುಡೇಶ್ವರದ ಲಾಡ್ಜಿನಲ್ಲಿ ಬೆಳಿಗ್ಗೆ ಆರಕ್ಕೆ ಭಾವ ನನ್ನ ರೂಮಿನ ಬಾಗಿಲು ತಟ್ಟಿದರು. ಸೂಟು ಮೊಣಕಾಲಿನ ತನಕ ಏರಿ ನಿಂತಿತ್ತು. ಜಿಪ್ಪು ಮುಂದುಗಡೆ ಇತ್ತು.

"ಭಾವ, ಜಿಪ್ಪು ಬೆನ್ನಿಗೆ ಬರಬೇಕಂತೆ."

"ಯಾವ ಬುದ್ಧಿವಂತ ಬೆನ್ನಿಗೆ ಜಿಪ್ ಇಡ್ತಾನಯ್ಯ?" ಅಂದರು. ಅತ್ತಿಗೆ ಒಳಗಿನಿಂದಲೇ "ನನ್ನ ಬ್ಲೌಸ್ ಟೈಲರು" ಅಂದರು. ಮತ್ತೆ ಬಿಚ್ಚಿದ್ದಾಯಿತು. ಹಾಕುವುದಕ್ಕಿಂತ ಬಿಚ್ಚುವುದು ಕಷ್ಟ. ಹಸಿ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಎರಡನೇ ಪ್ರಯತ್ನದಲ್ಲಿ ಭಾವ ತಮ್ಮ ಓದಿನ ಉಪಾಯ ತೆಗೆದರು: ಪಾದಕ್ಕೆ ಪ್ಲಾಸ್ಟಿಕ್ ಕವರು ಹಾಕಿಕೊಂಡರೆ ಕಾಲು ಜಾರಿ ಇಳಿಯುತ್ತದೆ. ಸೀರೆ ಅಂಗಡಿಯ ಕವರು ಸಿಕ್ಕಿತು, ಕಾಲು ಇಳಿಯಿತು. ತೊಡೆಗೆ ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ಟು ಎರಡು ಬೇಕಾಯಿತು. ಸೊಂಟದಿಂದ ಮೇಲೆ ನಾನೂ ಅತ್ತಿಗೆಯೂ ಆ ಕಡೆ ಈ ಕಡೆ ನಿಂತು ಎಳೆದೆವು.

"ಉಗುರು ತಾಗಿಸಬೇಡಿ, ಉಗುರು ತಾಗಿದ್ರೆ ಹರಿಯತ್ತೆ! ಬೆರಳ ತುದೀಲಿ ಎಳೀರಿ!"

"ರೀ, ಉಸಿರು ಒಳಗೆ ತಗೊಳ್ಳಿ."

"ತಗೊಂಡಿದೀನಿ ಕಣೇ."

ಜಿಪ್ಪಿನ ಉದ್ದನೆಯ ಪಟ್ಟಿಯನ್ನು ಕೈಗೆ ಸುತ್ತಿಕೊಂಡು, ಬಾವಿಯಿಂದ ಕೊಡಪಾನ ಸೇದುವ ಹಾಗೆ ಸೇದಿದೆ. ಕೊನೆಗೂ ಮುಚ್ಚಿತು. ಕರಾವಳಿಯಲ್ಲಿ ಕೇದಗೆ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹುಯ್ದು ಬೇಯಿಸುವ ಮೂಡೆ ಇದೆಯಲ್ಲ, ಭಾವ ಹಾಗೆ ನಿಂತಿದ್ದರು. ಮೇಲುಗಡೆ ಮುಖ ಮಾತ್ರ ಉಬ್ಬಿ ಹೊರಬಂದಿತ್ತು. ಕನ್ನಡಿ ನೋಡಿಕೊಂಡು "ಪರ್ಫೆಕ್ಟ್" ಅಂದರು. ಬರೀ ಅಷ್ಟೇ. ನನ್ನ ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವರು ಒಂದೇ ಪದದ ವಾಕ್ಯ ಆಡಿದ್ದು ಅದೇ ಮೊದಲು. ಅತ್ತಿಗೆ ಸೂಟಿನ ಕಡೆ ಮೆಚ್ಚುಗೆಯಿಂದ ನೋಡಿದರು.

ಡೈವಿಂಗ್ ಅಂಗಡಿಗೆ ದೇವಸ್ಥಾನದ ಬೀದಿಯಲ್ಲೇ ಹೋಗಬೇಕು. ಅತ್ತ 20 ಅಂತಸ್ತಿನ ಗೋಪುರ, ಗುಡ್ಡದ ಮೇಲೆ 123 ಅಡಿಯ ಶಿವ. ಅಷ್ಟು ದೊಡ್ಡ ಮೈಗೂ ಹುಲಿಚರ್ಮ ಹಿತವಾಗಿ ಹೊಂದಿಕೊಂಡಿದೆ, ಅದರಲ್ಲಿ ಎಮ್ಮು ಎಲ್ಲು ಇಲ್ಲ. ಹಣ್ಣುಕಾಯಿ ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಭಾವನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಯಾವ ಮೇಳದವ್ರು?" ಅಂತ ಕೇಳಿದರು. ಆಟಕ್ಕೆ ವೇಷ ಕಟ್ಟಿಕೊಂಡು ಹೊರಟಿದ್ದಾರೆ ಅಂದುಕೊಂಡರೇನೋ. ಉತ್ತರ ಕೊಡುವಷ್ಟು ಗಾಳಿ ಭಾವನ ಎದೆಯಲ್ಲಿ ಇರಲಿಲ್ಲ.

ಅಂಗಡಿಯ ಹುಡುಗನಿಗೆ ಇಪ್ಪತ್ತೈದು ಇದ್ದೀತು. ಬಿಸಿಲಿಗೆ ಕಂದಿದ ಮೈ, ನಿಧಾನದ ಮಾತು. ಭಾವನನ್ನು ನೋಡಿ ನಗಲಿಲ್ಲ. ಅದಕ್ಕೇ ಅವನ ಮೇಲೆ ನನಗೆ ಗೌರವ ಬಂತು.

"ಸೂಟು ನಿಮ್ದೇಯಾ ಸಾರ್? ಚಳಿ ದೇಶದ ಸೂಟು ಇದು. ಇಲ್ಲಿ ನೀರು 28 ಡಿಗ್ರಿ ಇರ್ತದೆ, 3 ಮಿಲಿಮೀಟರ್ ಸಾಕು. ಇರ್ಲಿ, ಕೈ ಮೇಲೆ ಎತ್ತಿ."

ಭಾವ ಕೈ ಎತ್ತಿದರು. ಕೈ ಭುಜದ ತನಕ ಬಂದು, ಟ್ರಾಫಿಕ್ ಪೊಲೀಸರ ಹಾಗೆ ಅಡ್ಡಡ್ಡ ನಿಂತಿತು.

"ಕುಕ್ಕರುಗಾಲಲ್ಲಿ ಕೂತ್ಕಳ್ಳಿ."

ಕೂರುವ ಪ್ರಯತ್ನದಲ್ಲಿ ಎಲ್ಲಿಂದಲೋ 'ಕಿರ್ರ್' ಎಂದು ಸದ್ದು ಬಂತು. ರಬ್ಬರಿನದೋ ಭಾವನದೋ ಗೊತ್ತಾಗಲಿಲ್ಲ.

"ಈಗ ದೊಡ್ಡದಾಗಿ ಉಸಿರು ತಗಳಿ. ಎದೆ ಉಬ್ಬಬೇಕು."

ಮುಖ ಉಬ್ಬಿತು. ಹುಡುಗ ಕತ್ತಿನ ಪಟ್ಟಿಯೊಳಗೆ ಒಂದು ಬೆರಳು ತೂರಿಸಲು ನೋಡಿದ, ಆಗಲಿಲ್ಲ. ಆಗ ಮಾತ್ರ ಅವನ ದನಿ ಗಟ್ಟಿಯಾಯಿತು. "ಬಿಗಿ ಇರ್ಬೇಕು ಸಾರ್, ಹೌದು. ಬೆನ್ನಿನ ಹಳ್ಳದಲ್ಲಿ, ಕಂಕುಳಲ್ಲಿ, ಮೊಣಕಾಲ ಹಿಂದೆ ಎಲ್ಲೂ ಪೊಳ್ಳು ಬಿಡ್ಬಾರ್ದು. ಆದ್ರೆ ಉಸಿರು ಹಿಡೀಬಾರ್ದು, ಕುತ್ತಿಗೆ ಒತ್ತಬಾರ್ದು. ಕುತ್ತಿಗೆ ರಕ್ತನಾಳದಲ್ಲಿ ಬೀಪಿ ನೋಡ್ಕೊಳ್ಳೋ ನರ ಇರ್ತದೆ. ಅಲ್ಲಿ ಒತ್ತಿದ್ರೆ ಬೀಪಿ ಏರಿತು ಅಂದ್ಕೊಂಡು ಹೃದಯ ನಿಧಾನ ಆಗ್ತದೆ, ತಲೆ ತಿರುಗ್ತದೆ. ನೀರೊಳಗೆ ತಲೆ ತಿರುಗಿದ್ರೆ ಎಂತ ಮಾಡುದು?"

ಮೌನ. ಅತ್ತಿಗೆಯ ಬಾಯಿಗೆ ಬಂದ ಮಾತನ್ನು ಮಗಳು ಕೈಹಿಡಿದು ತಡೆದಳು. ಹುಡುಗ ಗೋಡೆಗೆ ನೇತುಹಾಕಿದ್ದ ಸೂಟುಗಳ ಕಡೆ ಹೋಗಿ, ತೋಳಿನ ಮೇಲೆ ಹಳದಿ ಪಟ್ಟಿ ಇದ್ದ ಒಂದನ್ನು ತಂದ.

"ಇದು ಯಾವ ಸೈಜು?" ಭಾವನ ದನಿ ಕ್ಷೀಣವಾಗಿತ್ತು.

ಹುಡುಗ ಒಂದು ಗಳಿಗೆ ಅವರ ಮುಖ ನೋಡಿದ. "ನಮ್ಮಲ್ಲಿ ಸೈಜು ಅಂತ ಎಂತದೂ ಇಲ್ಲ ಸಾರ್. ಬಣ್ಣ ಅಷ್ಟೇ. ನೀಲಿ, ಕೆಂಪು, ಹಳದಿ. ನಿಮ್ದು ಹಳದಿ."

ಮೂವತ್ತು ವರ್ಷ ಟೈಲರು ಮಾಡಿದ್ದ ಉಪಕಾರವನ್ನು ಆ ಹುಡುಗ ಮೂರು ಸೆಕೆಂಡಿನಲ್ಲಿ ಮಾಡಿ ಮುಗಿಸಿದ. ಭಾವ ಬೆನ್ನು ಕೊಟ್ಟು ನಿಂತರು. ಜಿಪ್ಪು ಇಳಿದಾಗ ಬಂದ ನಿಟ್ಟುಸಿರಿಗೆ ಕೌಂಟರಿನ ಮೇಲಿನ ರಸೀದಿ ಪುಸ್ತಕದ ಹಾಳೆ ಮಗುಚಿತು. ಮೈಲಿಗೆಯ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ನನ್ನದನ್ನೂ ಹೇಳಿಬಿಡಬೇಕು. ಭಾವನ ಪಾಡು ನೋಡಿ ನನಗೆ ಒಳಗೊಳಗೇ ಹಿಗ್ಗಾಗಿತ್ತು. ನಾನು ಸೈಜಿನ ಅಹಂಕಾರವಿಲ್ಲದವನು ಎಂದು ತೋರಿಸಲು, ಹುಡುಗ ಕೊಟ್ಟ ಕೆಂಪು ಪಟ್ಟಿಯನ್ನು ವಾಪಸು ಮಾಡಿ "ನಂಗೂ ಹಳದಿನೇ ಇರ್ಲಿ, ಆರಾಮಾಗಿರತ್ತೆ" ಅಂದೆ. ಅವನು ಬೇಡವೆಂದ, ನಾನು ಕೇಳಲಿಲ್ಲ.

ದೋಣಿ ಗಂಟೆಗೂ ಹೆಚ್ಚು ಕುಲುಕಿತು. ದ್ವೀಪದ ಹತ್ತಿರ ಲಂಗರು ಹಾಕಿದ ಮೇಲೆ ಸೊಂಟಕ್ಕೆ ಸೀಸದ ಬೆಲ್ಟು ಕಟ್ಟಿದರು. ಸೂಟಿನ ಗುಳ್ಳೆಗಳು ಮನುಷ್ಯನನ್ನು ಬೆಂಡಿನ ಹಾಗೆ ತೇಲಿಸುತ್ತವಲ್ಲ, ಮುಳುಗಬೇಕಾದರೆ ಭಾರ ಬೇಕು. ಭಾವ ನೀರಿಗಿಳಿದು ತೇಲಿದರು. ಹುಡುಗ ದೋಣಿಯವನಿಗೆ ಕೂಗಿ ಹೇಳಿದ: "ಇವ್ರಿಗೆ ತೂಕ ಸಾಲುದಿಲ್ಲ, ಇನ್ನೆರಡು ಕಿಲೋ ಕೊಡು!"

ಭಾವ ನೀರಿನಲ್ಲೇ ಗಿರಕ್ಕನೆ ತಿರುಗಿ ದೋಣಿಯಲ್ಲಿದ್ದ ಅತ್ತಿಗೆಯನ್ನು ನೋಡಿದರು. "ಕೇಳಿಸ್ತೇನೇ? ತೂಕ ಸಾಲದಂತೆ!"

ನೀರೊಳಗಿನ ಮೀನು, ಹವಳದ ವರ್ಣನೆ ಬೇರೆಯವರು ಮಾಡಿದ್ದಾರೆ, ನನಗೆ ನೋಡಲು ಪುರಸೊತ್ತಾಗಲಿಲ್ಲ. ನನ್ನ ಹಳದಿ ಸೂಟಿನ ಬೆನ್ನಿನಲ್ಲಿ ಒಂದು ಸಣ್ಣ ಕೆರೆ ಏರ್ಪಟ್ಟಿತ್ತು. ಕಾಲು ಬಡಿದಾಗಲೆಲ್ಲ ಬೆಚ್ಚಗಾಗಿದ್ದ ನೀರು ಕತ್ತಿನಿಂದ ಹೊರಗೆ ಹೋಗಿ, ಹೊಸ ನೀರು ಸೊಂಟದ ಬಳಿ ಒಳಬರುತ್ತಿತ್ತು. ಬಚ್ಚಲ ಹಂಡೆಗೆ ಕೆಳಗೆ ಸೌದೆ ಉರಿಸುತ್ತಿರುವಾಗ ಮೇಲಿನಿಂದ ಯಾರೋ ಬಿಂದಿಗೆ ಬಿಂದಿಗೆ ತಣ್ಣೀರು ಸುರಿಯುತ್ತಿದ್ದರೆ ಹೇಗೋ ಹಾಗೆ. ಉರಿಯುತ್ತಿದ್ದ ಸೌದೆ ಬೆಳಿಗ್ಗೆ ತಿಂದ ಅವಲಕ್ಕಿ. ಕೈ ಇಟ್ಟರೆ ಉಗುರುಬೆಚ್ಚಗೆ ಅನ್ನಿಸುವ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಕದಿಯುತ್ತದೆ ಎಂದು ಭಾವ ಮನೆಯಲ್ಲಿ ಹೇಳಿದ್ದು ನೆನಪಾಯಿತು. ಹಲ್ಲು ಕಟಕಟ ಎನ್ನುತ್ತಿತ್ತು, ಬಾಯಲ್ಲಿ ಕೊಳವೆ ಇದ್ದದ್ದರಿಂದ ಸದ್ದು ಹೊರಗೆ ಬರಲಿಲ್ಲ.

ಹತ್ತು ಮೀಟರ್ ಹತ್ತಿರ ಭಾವ ನನ್ನ ಮುಂದೆ ಬಂದು ನಿಂತರು. ಕನ್ನಡಕದ ಹಿಂದೆ ಕಣ್ಣು ಹೊಳೆಯುತ್ತಿತ್ತು. ಹೊಟ್ಟೆಯ ಮೇಲೆ ಸೂಟನ್ನು ಎರಡು ಬೆರಳಲ್ಲಿ ಚಿವುಟಿ ಎಳೆದು ತೋರಿಸಿದರು: ನೋಡು, ಸಡಿಲ! ಆ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಗುಳ್ಳೆಗಳು ಹಿಂಡಿ ಅರ್ಧಕ್ಕರ್ಧ ಆಗಿಬಿಡುತ್ತವೆ, ರಬ್ಬರು ತೆಳುವಾಗುತ್ತದೆ. ಇದನ್ನೂ ನನಗೆ ಹೇಳಿಕೊಟ್ಟವರು ಅವರೇ. ನೀರಿನಡಿ ಮಾತಾಡಲು ಆಗುವುದಿಲ್ಲ ಎಂಬುದು ನಮ್ಮ ಕುಟುಂಬದ ಶಾಂತಿಗೆ ದೇವರು ಮಾಡಿದ ಏರ್ಪಾಡು.

ಮೇಲೆ ಬಂದು, ನನಗೆ ಟವೆಲು ಸುತ್ತಿ, ಬಿಸಿ ಚಹಾ ಕೊಟ್ಟ ಮೇಲೆ ಭಾವನ ವಾಕ್ಯಗಳು ಮೊದಲಿನ ಉದ್ದಕ್ಕೆ ಮರಳಿದವು. "ನೀನು ಸೈಜು ಸರಿಯಾಗಿ ಆರಿಸ್ಕೋಬೇಕಿತ್ತು ಕಣಯ್ಯ, ನಾನು ಎಷ್ಟು ಸಲ ಹೇಳ್ಲಿಲ್ಲ, ಸೂಟು ಬಿಗಿಯಾಗಿರಬೇಕು ಅಂತ. ಕೆಳಗೆ ನೋಡಿದ್ಯಲ್ಲ, ನಂಗೇ ಹಳದಿ ದೊಡ್ಡದಾಗ್ತಿತ್ತು. ಮೀಡಿಯಮ್ಮೇ ಸರಿ ಇತ್ತು."

ಆ ಮೀಡಿಯಮ್ ಸೂಟು ಈಗ ಅವರ ಮನೆಯ ಬೀರುವಿನಲ್ಲಿ, ಅಗಲ ಭುಜದ ಹ್ಯಾಂಗರಿನಲ್ಲಿ ನೇತಾಡುತ್ತಿದೆ. ಮಡಿಚಿಟ್ಟರೆ ಗುಳ್ಳೆಗಳು ಅಮುಕಿಹೋಗುತ್ತವಂತೆ.

ಹೋದ ತಿಂಗಳು ನೆಂಟರ ಮನೆಯ ಮುಂಜಿಗೆ ಬಟ್ಟೆ ತರಲು ಚಿಕ್ಕಪೇಟೆಗೆ ಹೋಗಿದ್ದೆವು. ಕುರ್ತಾ ನೋಡುವಾಗ ಅಂಗಡಿಯ ಹುಡುಗ ಎಲ್ಲರೆದುರು, "ಸಾರ್ ನಿಮ್ಗೆ ಯಾವ ಸೈಜು?" ಅಂತ ಕೇಳಿದ. ಭಾವ ಬಾಯಿ ತೆರೆದರು. ಅಭ್ಯಾಸಬಲದಿಂದ 'ಮೀ' ಎಂಬ ಅಕ್ಷರ ತುಟಿಗೆ ಬಂದದ್ದು ನನಗೆ ಕಾಣಿಸಿತು. ಅತ್ತಿಗೆ ಕೆಮ್ಮಿದರು.

"ಹಳದಿ ಪಟ್ಟಿ" ಅಂದರು ಭಾವ.

ಹುಡುಗ ಒಳಗೆ ಹೋಗಿ, ಅಡ್ಡಡ್ಡ ಹಳದಿ ಪಟ್ಟೆಯ ಕುರ್ತಾಗಳನ್ನು ಒಂದು ಹೊರೆ ತಂದು ಹರವಿದ.