ತಡೆಯುವವನಿಗೆ ಚಿಲ್ಲರೆ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನಲ್ಲಿ ವರ್ಷದ ಕೊನೆಗೆ ಡ್ರಾಫ್ಟ್ ಎಂಬೊಂದು ಶಾಸ್ತ್ರ ನಡೆಯುತ್ತದೆ. ಆಗಷ್ಟೇ ಮೀಸೆ ಮೂಡಿದ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಆ ವರ್ಷ ಎಲ್ಲರಿಂದಲೂ ಒದೆ ತಿಂದವರಿಗೆ ಮೊದಲ ಮಣೆ. 1986ರಿಂದ ನಡೆದುಬಂದ ಪದ್ಧತಿ. ನಾವು ಯಾವ ಜಾಗದ ಆಟಗಾರ ಎಂದು ನೋಡುವುದೇ ಇಲ್ಲ, ಇರುವವರಲ್ಲಿ ಒಳ್ಳೆಯವನನ್ನು ತೆಗೆದುಕೊಳ್ಳುತ್ತೇವೆ ಎನ್ನುವುದು ಎಲ್ಲರ ಬಾಯಿಪಾಠ. ನಮಗೆ ಗುಣವೊಂದಿದ್ದರೆ ಸಾಕು ಎನ್ನುತ್ತ ಉಪ್ಪಿಟ್ಟು ತಿಂದು, ಕಣ್ಣಲ್ಲೇ ಹುಡುಗಿಯ ಎತ್ತರ ಅಳೆಯುವ ಬೀಗರಷ್ಟೇ ಇವರೂ ಪ್ರಾಮಾಣಿಕರು.

ಇವರ ಕಣ್ಣು ಮೊದಲು ಹೋಗುವುದು ಮಿಡ್‌ಫೀಲ್ಡರ್ ಮೇಲೆ. ಚೆಂಡು ಇದ್ದಲ್ಲಿ ಅವನು, ಅವನಿದ್ದಲ್ಲಿ ಕ್ಯಾಮೆರಾ. ಪಂದ್ಯಕ್ಕೆ ಮೂರು, ಎರಡು, ಒಂದು ಎಂದು ಅಂಪೈರುಗಳು ಮತ ಹಾಕಿ ಕೊಡುವ ಬ್ರೌನ್‌ಲೋ ಪದಕವೂ ಸಾಮಾನ್ಯವಾಗಿ ಅವನ ಕೊರಳಿಗೇ. ಟೋನಿ ಲಾಕೆಟ್ ಎಂಬ ಫುಲ್ ಫಾರ್ವರ್ಡ್ ಒಟ್ಟು 1360 ಗೋಲು ಹೊಡೆದರು. ಲೀಗಿನ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ಯಾರದ್ದೂ ಇಲ್ಲ. ಅಂಪೈರುಗಳ ಕಣ್ಣಿಗೆ ಅವರು ಬಿದ್ದದ್ದು 1987ರಲ್ಲಿ ಒಂದೇ ಸಲ. ಆಗಲೂ ಪದಕವನ್ನು ನಡುಮೈದಾನದ ಜಾನ್ ಪ್ಲಾಟನ್ ಜೊತೆ ಹಂಚಿಕೊಳ್ಳಬೇಕಾಯಿತು.

ಎರಡನೆಯ ಮೋಹ, ಎತ್ತರದ ಫಾರ್ವರ್ಡ್. ಇದು ಕ್ಲಬ್ಬುಗಳಿಗೆ ಆಗಾಗ ಬರುವ ಜ್ವರ. 2001ರಲ್ಲಿ ಫ್ರೀಮ್ಯಾಂಟಲ್‌ಗೆ ಬಂತು. ಕೈಯಲ್ಲಿದ್ದ ಮೊದಲ ಆಯ್ಕೆಯನ್ನೇ, ಮೇಲೆ ಇನ್ನೆರಡು ಆಯ್ಕೆ ಸೇರಿಸಿ, ಹಾಥಾರ್ನ್‌ಗೆ ಕೊಟ್ಟು ಟ್ರೆಂಟ್ ಕ್ರೋಡ್‌ ಅವರನ್ನು ಕರೆತಂದಿತು. ಜೊತೆಗೆ ಲ್ಯೂಕ್ ಮೆಕ್‌ಫರ್ಲಿನ್ ಎಂಬ ಹುಡುಗ ಕೊಸರು. ಹಾಥಾರ್ನ್ ಆ ಆಯ್ಕೆಗಳಲ್ಲಿ ಲ್ಯೂಕ್ ಹಾಜ್‌ ಮತ್ತು ಸ್ಯಾಮ್ ಮಿಚೆಲ್‌ ಅವರನ್ನು ಎತ್ತಿಕೊಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಕ್ರೋಡ್ ಕೂಡ ತವರಿಗೆ ವಾಪಸ್! 2008ರ ಫೈನಲ್ ಗೆದ್ದ ಹಾಥಾರ್ನ್ ತಂಡದಲ್ಲಿ ಮೂವರೂ ಇದ್ದರು, ಕ್ರೋಡ್ ಇದ್ದದ್ದು ರಕ್ಷಣೆಯ ಸಾಲಿನಲ್ಲಿ. ಫ್ರೀಮ್ಯಾಂಟಲ್‌ಗೆ ದಕ್ಕಿದ್ದು ಕೊಸರು ಮಾತ್ರ. ಆ ಕೊಸರೇ ಮುಂದೆ ಲೀಗಿನ ಅತ್ಯುತ್ತಮ ಡಿಫೆಂಡರುಗಳಲ್ಲಿ ಒಬ್ಬನಾದದ್ದು ಬೇರೆ ಮಾತು. ಅದಕ್ಕೆ ಯಾರ ಯೋಜನೆಯೂ ಕಾರಣವಲ್ಲ.

ಜ್ವರ ಬರಬೇಕಾದಾಗ ಬರದೆಯೂ ಇರುತ್ತದೆ. 2004ರಲ್ಲಿ ರಿಚ್ಮಂಡ್ ಬಳಿ ಒಂದನೆಯ ಮತ್ತು ನಾಲ್ಕನೆಯ ಆಯ್ಕೆ ಎರಡೂ ಇದ್ದವು. ಎರಡನ್ನೂ ಓಡುವ ಹುಡುಗರಿಗೆ ಸುರಿಯಿತು. ಐದನೆಯದರಲ್ಲಿ ಹಾಥಾರ್ನ್ (ಮತ್ತೆ ಅವರೇ!) ಲ್ಯಾನ್ಸ್ ಫ್ರಾಂಕ್ಲಿನ್‌ ಅವರನ್ನು ಕರೆಯಿತು. ಆಸಾಮಿ 1066 ಗೋಲು ಹೊಡೆದ.

ಇನ್ನು ರಕ್‌ಮನ್, ಅಂಪೈರು ಮೇಲೆ ಹಾರಿಸಿದ ಚೆಂಡನ್ನು ಜಿಗಿದು ತನ್ನವರ ಕಡೆಗೆ ತಟ್ಟುವವನು. ಹದಿನೆಂಟಕ್ಕೇ ಎರಡು ಮೀಟರ್ ಬೆಳೆದವನ ಕೈ ಹೇಳಿದ್ದನ್ನು ಕಾಲು ಕೇಳಬೇಕಾದರೆ ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಅವನನ್ನು ಆರಿಸಿದ ಕೋಚ್ ಮನೆಗೆ ಹೋಗಿರುತ್ತಾನೆ. ಮಿಡ್‌ಫೀಲ್ಡರಾದರೆ ಮೊದಲ ವರ್ಷವೇ ಆಡಿ ಸಾಹೇಬರ ನೌಕರಿ ಉಳಿಸುತ್ತಾನೆ. ಲೆಕ್ಕ ಇರುವುದೇ ಇಲ್ಲಿ: ಆಟಗಾರನ ಬೆಲೆ ಕಟ್ಟುವುದು ಮೈದಾನದ ಅಗತ್ಯವಲ್ಲ, ಕಟ್ಟುವವನ ಕರಾರುಪತ್ರದಲ್ಲಿ ಉಳಿದಿರುವ ತಿಂಗಳುಗಳು. ಹಾಗಾಗಿಯೇ ಡೀನ್ ಕಾಕ್ಸ್, 211 ಸೆಂಟಿಮೀಟರಿನ ಆರನ್ ಸ್ಯಾಂಡಿಲ್ಯಾಂಡ್ಸ್ ಇಬ್ಬರೂ ಬಂದದ್ದು ಅಳಿದುಳಿದವರಿಗೆಂದು ನಡೆಸುವ ರೂಕಿ ಡ್ರಾಫ್ಟ್‌ನಿಂದ. 2021ರಲ್ಲಿ ಮೆಲ್ಬರ್ನ್‌ಗೆ ಕಪ್ ತಂದ ನಾಯಕ ಮ್ಯಾಕ್ಸ್ ಗಾನ್ 34ನೇ ಆಯ್ಕೆ.

2015ರಲ್ಲಿ ಲೀಗು ಒಂದೊಂದು ಆಯ್ಕೆಗೂ ಅಂಕ ನಿಗದಿ ಮಾಡಿತು. ಮೊದಲನೆಯದಕ್ಕೆ 3000, ಕೆಳಗಿಳಿದಂತೆ ಚಿಲ್ಲರೆ, ಆಮೇಲೆ ಸೊನ್ನೆ. ಆಯಾ ಆಯ್ಕೆಯಲ್ಲಿ ಬಂದವರು ಹಿಂದೆ ಎಣಿಸಿದ ಸಂಬಳವೇ ಇದಕ್ಕೆ ಆಧಾರ. ಆ ಸಂಬಳ ನಿರ್ಧರಿಸಿದವರು ಯಾರು? ಇದೇ ಮಹನೀಯರು. ತಾವೇ ಬರೆದ ಉತ್ತರಕ್ಕೆ ತಾವೇ ಅಂಕ ಕೊಟ್ಟುಕೊಂಡು ವಿಜ್ಞಾನ ಎಂದರು.

ಇನ್ನು ಗೋಲು ತಡೆಯುವವನ ಪಾಡು. ಬ್ರಯಾನ್ ಲೇಕ್ ಎಂಬ ಫುಲ್ ಬ್ಯಾಕ್ 2001ರ ಡ್ರಾಫ್ಟ್‌ನ 71ನೇ ಆಯ್ಕೆ. 2015ರ ಆ ಅಂಕಪಟ್ಟಿಯಲ್ಲಿ ಅದು ಚಿಲ್ಲರೆಯಲ್ಲೂ ಚಿಲ್ಲರೆಯಾಗಿತ್ತು. 2013ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಅವರಿಗೇ ಬಂತು, ಆಡಿದ್ದು ಹಾಥಾರ್ನ್‌ ಪರ. ಅದಾಗಿ ಎರಡು ತಿಂಗಳೊಳಗೆ ಹೊಸ ಡ್ರಾಫ್ಟ್. ಗ್ರೇಟರ್ ವೆಸ್ಟರ್ನ್ ಸಿಡ್ನಿಯ ಮೊದಲ ಆಯ್ಕೆ ಟಾಮ್ ಬಾಯ್ಡ್, ಎರಡು ಮೀಟರ್ ಎತ್ತರದ ಫಾರ್ವರ್ಡ್. ಒಂದೇ ಋತು ಆಡಿ ಅವರು ವೆಸ್ಟರ್ನ್ ಬುಲ್‌ಡಾಗ್ಸ್‌ಗೆ ಹೊರಟರು. ಬದಲಿಗೆ ವೆಸ್ಟರ್ನ್ ಸಿಡ್ನಿಯವರು ಒಂದು ಆಯ್ಕೆಯ ಜೊತೆ ಪಡೆದದ್ದು ರಯಾನ್ ಗ್ರಿಫೆನ್‌ ಅವರನ್ನು. ಹೌದು, ಮಿಡ್‌ಫೀಲ್ಡರ್.